ಕ್ರೆಷ್ ಭತ್ಯೆ ಕೊಟ್ಟರೆ ಓಟಿ ಲೆಕ್ಕ ಏನಾಗುತ್ತದೆ: ನನ್ನ ಅನುಭವ

ನಾನು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಸಂಬಳದ ಲೆಕ್ಕ ನೋಡುತ್ತೇನೆ. ಹೊಸ ಕಾರ್ಮಿಕ ಸಂಹಿತೆಗಳು ಬರುವ ಮುಂಚಿನ ಮಾತು ಇದು. ಆಗ ನಾವು ನಡೆಯುತ್ತಿದ್ದದ್ದು 1948ರ ಕಾರ್ಖಾನೆ ಕಾಯ್ದೆಯ ಮೇಲೆ. 30ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಡೆ, ಅವರ 6 ವರ್ಷದೊಳಗಿನ ಮಕ್ಕಳಿಗೆ ಕ್ರೆಷ್, ಅಂದರೆ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಇರಲೇಬೇಕು ಅಂತ ಅದರ 48ನೇ ಸೆಕ್ಷನ್ ಹೇಳುತ್ತಿತ್ತು. ನಮ್ಮಲ್ಲೂ ಇತ್ತು. ತೊಟ್ಟಿಲು, ಆಯಾ, ಹಾಲು ಎಲ್ಲ ಇತ್ತು, ಮಕ್ಕಳೇ ಕಮ್ಮಿ. ಬೆಳಗ್ಗೆ ವ್ಯಾನಿನಲ್ಲಿ ನಿಂತುಕೊಂಡು ಬರುವವರು ಕೂಸನ್ನೂ ಎತ್ತಿಕೊಂಡು ಬರೋದು ಹೇಗೆ? ಅಜ್ಜಿ ಹತ್ತಿರವೋ ಪಕ್ಕದ ಮನೆಯಲ್ಲೋ ಬಿಟ್ಟು ಬರುತ್ತಿದ್ದರು. ಅದಕ್ಕೂ ದುಡ್ಡು ಕೊಡಬೇಕು.

ಹಾಗಾಗಿ ಕ್ರೆಷ್ ಇಟ್ಟುಕೊಂಡೇ, ಚಿಕ್ಕ ಮಕ್ಕಳ ತಾಯಂದಿರಿಗೆ ತಿಂಗಳಿಗೆ ಇಷ್ಟು ಅಂತ ಭತ್ಯೆ ಕೊಡೋಣ ಅಂತ ಮ್ಯಾನೇಜ್‌ಮೆಂಟ್ ಒಪ್ಪಿತು. ಭತ್ಯೆ ಕೊಟ್ಟೆವು ಅಂತ ಕ್ರೆಷ್ ಮುಚ್ಚುವ ಹಾಗಿರಲಿಲ್ಲ. ತಕರಾರು ಬಂದದ್ದು ಓಟಿಯಲ್ಲಿ, ಅಂದರೆ ಹೆಚ್ಚುವರಿ ಗಂಟೆಗಳ ಕೆಲಸಕ್ಕೆ ಕೊಡುವ ಹಣದಲ್ಲಿ.

"ಅದನ್ನ ಓಟಿಗೆ ಸೇರಿಸ್ಬೇಡಿ. ಅದು ಸೌಲಭ್ಯ, ಸಂಬಳ ಅಲ್ಲ" ಅಂದರು ಮೇಲಿನವರು. ನಾನು 59ನೇ ಸೆಕ್ಷನ್ ಪ್ರಿಂಟ್ ತೆಗೆದು ಮುಂದೆ ಇಟ್ಟೆ. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಡಬಲ್ ಕೊಡಬೇಕು ಅಂತ ಅದರಲ್ಲಿತ್ತು. ಯಾವುದರ ಡಬಲ್? ಮೂಲ ವೇತನ, ಜೊತೆಗೆ ಕೆಲಸಗಾರರಿಗೆ ಸಲ್ಲಬೇಕಾದ ಭತ್ಯೆಗಳು. ಬಿಡೋದು ಬೋನಸ್ ಮತ್ತು ಓಟಿ ಹಣ, ಅಷ್ಟೇ. ಪ್ರತಿ ತಿಂಗಳೂ ನಗದಾಗಿ ಬರುವ ಹಣಕ್ಕೆ 'ಕ್ರೆಷ್' ಅಂತ ಹೆಸರಿಟ್ಟರೂ 'ಇತರೆ' ಅಂತ ಹೆಸರಿಟ್ಟರೂ ಅದು ಭತ್ಯೆಯೇ. ಕ್ರೆಷ್‌ನ ತೊಟ್ಟಿಲು, ಆಯಾ ಖರ್ಚು ಬೇರೆ. ಅದು ಯಾರ ಕೈಗೂ ಬರುವ ಹಣವಲ್ಲ, ಓಟಿಗೆ ತಾಗೋದಿಲ್ಲ.

ಬಾಯಿಮಾತಿಗಿಂತ ಲೆಕ್ಕ ತೋರಿಸೋದು ವಾಸಿ ಅಂತ ಒಂದು ಉದಾಹರಣೆ ಹಾಕಿದೆ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,480 ರೂಪಾಯಿ ಅನ್ನಿ. 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208. ಗಂಟೆಗೆ 60 ಬಿತ್ತು, ಓಟಿ 120. ಕ್ರೆಷ್ ಭತ್ಯೆ 1,040 ಸೇರಿಸಿದರೆ 13,520 ಆಯಿತು. ಗಂಟೆಗೆ 65, ಓಟಿ 130. ತಿಂಗಳಿಗೆ 20 ಗಂಟೆ ಓಟಿ ಮಾಡಿದವರಿಗೆ 200 ರೂಪಾಯಿ ವ್ಯತ್ಯಾಸ. ಅಂಥ 80 ತಾಯಂದಿರಿದ್ದರೆ 16,000. ಶಿಪ್‌ಮೆಂಟ್ ತಿಂಗಳಲ್ಲಿ ವಿಮಾನದಲ್ಲಿ ಮಾಲು ಕಳಿಸೋಕೆ ಸುರಿಯುವ ದುಡ್ಡಿನ ಮುಂದೆ ಇದೇನು ಮಹಾ?

ನಗದಿನ ಬದಲು ಮಗು ನೋಡಿಕೊಳ್ಳುವ ಜಾಗಕ್ಕೇ ಬಿಲ್ ನೋಡಿ ನೇರ ಕಟ್ಟಿದರೆ ಅದನ್ನು ಭತ್ಯೆ ಅನ್ನೋದು ಕಷ್ಟ, ಆಗ ಓಟಿಗೆ ಸೇರಿಸದೆ ಇರಬಹುದು ಅನ್ನೋದು ನನ್ನ ಅಭಿಪ್ರಾಯ. ಆ ದಾರಿಯನ್ನೂ ಹೇಳಿದೆ. ಆದರೆ ಅಜ್ಜಿ ಬಿಲ್ ಕೊಡ್ತಾರಾ? ನಗದೇ ಉಳಿಯಿತು, ಓಟಿಗೂ ಸೇರಿತು.

ಸಂಬಳದ ದಿನ ಒಂದೇ ಲೈನಿನ ಇಬ್ಬರು ಸ್ಲಿಪ್ ಹಿಡಿದುಕೊಂಡು ಬಂದರು. "ಸಾರ್, ಇಬ್ರೂ ಒಂದೇ ಹೊತ್ತಿಗೆ ಮೆಷಿನ್ ಆಫ್ ಮಾಡಿದ್ವಿ. ಅವಳಿಗ್ಯಾಕೆ ಜಾಸ್ತಿ?" ನ್ಯಾಯವಾದ ಪ್ರಶ್ನೆಯೇ. ಭತ್ಯೆ ಇದ್ದವರ ಗಂಟೆ ರೇಟು ಬೇರೆ ಅಂತ ವಿವರಿಸಿದೆ. ಮುಖ ಸಪ್ಪೆಯಾಯಿತು. ಆಮೇಲೆ ಸ್ಲಿಪ್‌ನಲ್ಲಿ ಓಟಿ ರೇಟನ್ನೇ ಬೇರೆ ಸಾಲಾಗಿ ಹಾಕಿಸಿದೆ.

ಇನ್ನೊಂದು ಜಗಳ ಸೂಪರ್‌ವೈಸರ್ ಜೊತೆ. ಮಗುವಿಗೆ ಹಾಲು ಕೊಡೋಕೆ ಹೋದ ಹೊತ್ತನ್ನು ಕಳೆದು ಓಟಿ ಬರೆಯಿರಿ ಅಂದರು. ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ, ಊಟದ ವಿರಾಮ ಬಿಟ್ಟು, ದಿನಕ್ಕೆ ಎರಡು ಬಿಡುವು ಇತ್ತು. ಅದಕ್ಕೆ ಸಂಬಳ ಹಿಡಿಯುವ ಹಾಗಿರಲಿಲ್ಲ. ಹಗಲಿನ ಸಂಬಳ ಹಿಡಿಯದೆ, ಸಂಜೆ ಓಟಿಯಲ್ಲಿ ಹಿಡಿದರೆ ಅದೂ ಹಿಡಿದಂತೆಯೇ ತಾನೆ? ಗೇಟ್ ಪಂಚ್ ಇದ್ದ ಹಾಗೇ ಲೆಕ್ಕ ಹಾಕಿದೆ.

2025ರ ನವೆಂಬರ್ 21ರಿಂದ ಸಂಹಿತೆಗಳು ಬಂದವು. ಓಟಿ ಈಗಲೂ ಡಬಲ್. ವೇತನದ ವ್ಯಾಖ್ಯೆಯಿಂದ ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ ಮುಂತಾದವನ್ನು ಹೊರಗಿಟ್ಟಿದ್ದಾರೆ. ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದು ವಾಪಸ್ ವೇತನಕ್ಕೆ ಸೇರುತ್ತದೆ. ಆ ಪಟ್ಟಿಯಲ್ಲಿ ಕ್ರೆಷ್ ಭತ್ಯೆಯ ಹೆಸರಿಲ್ಲ. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ಆ ಸಾಲಿನ ಮುಂದೆ 'ಓಟಿಗೆ ಸೇರಿಸು' ಅನ್ನೋ ಟಿಕ್ ಹಾಗೇ ಬಿಟ್ಟಿದ್ದೇನೆ. ಪಕ್ಕದಲ್ಲಿ ಮಗುವಿನ ಹುಟ್ಟಿದ ದಿನದ ಕಾಲಂ ಇದೆ. 6 ವರ್ಷ ತುಂಬಿದ ತಿಂಗಳಿಗೆ ಭತ್ಯೆ ಮುಗಿಯುತ್ತದೆ, ಮುಂದಿನ ತಿಂಗಳಿಂದ ಓಟಿ ರೇಟೂ ಇಳಿಯುತ್ತದೆ. ಅದನ್ನು ತಾಯಿಗೆ ಒಂದು ತಿಂಗಳು ಮುಂಚೆಯೇ ಹೇಳುತ್ತೇನೆ.