ಹದಿನಾಲ್ಕು ತಿಂಗಳು ಹೊಂಗೆ ಎಣ್ಣೆಯಲ್ಲಿ ಓಡಿದ ನನ್ನ ಕಾರು

ನಮ್ಮ ತೋಟದ ಬೇಲಿಯುದ್ದಕ್ಕೂ ಅಜ್ಜ ನೆಟ್ಟ ಹೊಂಗೆ ಮರಗಳಿವೆ. ಬೇಸಿಗೆ ಬಂದರೆ ಕಾಯಿ ಉದುರಿ ಬದುವಿನ ಮೇಲೆ ರಾಶಿ ಬೀಳುತ್ತದೆ. ಗಾಣಕ್ಕೆ ಹಾಕಿಸಿದರೆ ಸುಮಾರು ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಹಿಂಡಿ ತೆಂಗಿನ ಬುಡಕ್ಕೆ. ಮನೆಯಲ್ಲಿ ಹಳೆಯ ಡೀಸೆಲ್ ಅಂಬಾಸಿಡರ್ ಇತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತೆಂದು ಓದಿದ್ದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ಪ್ರಯತ್ನದಿಂದ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ನಡೆಸಿದ್ದರು ಎಂಬುದೂ ಗೊತ್ತಿತ್ತು. ಅಲ್ಲಿ ಆದದ್ದು ನನ್ನ ಕಾರಿನಲ್ಲಿ ಏಕೆ ಆಗಬಾರದು ಎಂದು ಹೊರಟೆ.

ಮೊದಲ ತೊಡಕು ಎಣ್ಣೆಯ ಮಂದತನ. ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಹಾಗೇ ಬಿಟ್ಟರೆ ಎಂಜಿನ್ನಿಗೆ ಇಂಧನ ಚಿಮ್ಮಿಸುವ ನಾಜಲ್‌ನಿಂದ ಮಂಜಿನಂತೆ ಚಿಮ್ಮದೆ ದಾರದಂತೆ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ. ಕಾಯಿಸಿದರೆ ತೆಳುವಾಗುತ್ತದೆ. ಅದಕ್ಕಾಗಿ ಡಿಕ್ಕಿಯಲ್ಲಿ ಇಪ್ಪತ್ತು ಲೀಟರಿನ ಎರಡನೇ ಟ್ಯಾಂಕ್ ಕೂರಿಸಿ, ರೇಡಿಯೇಟರಿಗೆ ಹೋಗುವ ಬಿಸಿನೀರನ್ನು ಅದರೊಳಗೆ ಸುತ್ತಿಸಿದೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಎಣ್ಣೆಗೆ ತಿರುಗಿಸಿ, ಮನೆ ಮೂರು ಕಿಲೋಮೀಟರ್ ಇರುವಾಗ ಮತ್ತೆ ಡೀಸೆಲ್‌ಗೆ ಬರುವುದು ಕ್ರಮ. ಟ್ಯಾಂಕಿನೊಳಗಿನ ಸುರುಳಿಗೆ ತಾಮ್ರದ ಕೊಳವೆ ಹಾಕಿದ್ದು ನನ್ನ ದೊಡ್ಡ ತಪ್ಪು. ಆರು ತಿಂಗಳಿಗೆ ಬಿಚ್ಚಿ ನೋಡಿದಾಗ ಅದರ ಮೇಲೆ ಹಲಸಿನ ಮೇಣದಂಥ ಕಂದು ಅಂಟು. ಉಗುರಿನಿಂದ ಕೆರೆದರೂ ಬರಲಿಲ್ಲ. ಬಿಸಿ ಎಣ್ಣೆಗೆ ತಾಮ್ರ ತಾಗಿದರೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ಆಮೇಲೆ ಸ್ಟೀಲ್ ಕೊಳವೆ ಹಾಕಿಸಿದೆ.

ಎಣ್ಣೆಯನ್ನು ಡ್ರಮ್ಮಿನಲ್ಲಿ ಎರಡು ವಾರ ತಿಳಿಯಾಗಲು ಬಿಟ್ಟು, ಪಂಚೆಯಲ್ಲಿ ಸೋಸಿ, ಮತ್ತೆ ಕಾಗದದ ಫಿಲ್ಟರಿನಲ್ಲಿ ಇಳಿಸುತ್ತಿದ್ದೆ. ನೀರು ಉಳಿದಿದೆಯೇ ಎಂದು ನೋಡಲು ಕಾದ ಬಾಣಲೆಗೆ ಒಂದು ಚಮಚ ಹಾಕುವುದು. ಚಟಪಟ ಎಂದರೆ ಆ ಡ್ರಮ್ ಮತ್ತೆ ಬಿಸಿಲಿಗೆ. ಭಾನುವಾರಗಳೆಲ್ಲ ಇದಕ್ಕೇ ಹೋದವು. ಹೋಟೆಲ್ ನಡೆಸುವ ಗೆಳೆಯರೊಬ್ಬರು ಬೋಂಡಾ ಕರಿದ ಎಣ್ಣೆಯನ್ನು ಪುಕ್ಕಟೆ ಕೊಡುತ್ತೇನೆಂದರು. ಒಲ್ಲೆನೆಂದೆ. ಕರಿದ ಎಣ್ಣೆಯಲ್ಲಿ ನೀರು, ಉಪ್ಪು, ಆಮ್ಲ ಮೂರೂ ಸೇರಿರುತ್ತವೆ. ಪಂಪನ್ನು ಒಳಗಿನಿಂದ ತಿನ್ನುತ್ತವೆ.

ಕಾರು ಓಡಿತು, ಚೆನ್ನಾಗಿಯೇ ಓಡಿತು. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಡುತ್ತಿದ್ದದ್ದು ಹದಿಮೂರಕ್ಕೆ ಇಳಿಯಿತು, ಅಷ್ಟೆ. ಒಂದು ಡಿಸೆಂಬರ್ ರಾತ್ರಿ ಜಾತ್ರೆಯಿಂದ ಬರುವಾಗ ಡೀಸೆಲ್‌ಗೆ ತಿರುಗಿಸಲು ಮರೆತು ಹಾಗೇ ನಿಲ್ಲಿಸಿದೆ. ಬೆಳಿಗ್ಗೆ ಬ್ಯಾಟರಿ ಇಳಿಯುವವರೆಗೆ ತಿರುಗಿಸಿದರೂ ಎಂಜಿನ್ ಉಸಿರೆತ್ತಲಿಲ್ಲ. ಪೈಪಿನ ತುಂಬ ಮಂದ ಎಣ್ಣೆ ನಿಂತಿತ್ತು.

ನಿಜವಾದ ಪೆಟ್ಟು ನಾನು ನೋಡದಿದ್ದ ಜಾಗದಲ್ಲಿ ಬೀಳುತ್ತಿತ್ತು. ಹದಿನಾಲ್ಕನೇ ತಿಂಗಳಿಗೆ ನಮ್ಮ ಮೆಕ್ಯಾನಿಕ್ ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು, ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಅಗಲಿಸಿದರು. ಎಳೆ ಬಂತು.

“ನೋಡಿ ಸ್ವಾಮಿ, ಇದು ಆಯಿಲ್ ಅಲ್ಲ, ಪಾಕ” ಎಂದರು.

ಉರಿಯದೆ ಉಳಿದ ಹೊಂಗೆ ಎಣ್ಣೆ ಸಿಲಿಂಡರಿನ ಗೋಡೆಗೆ ಹತ್ತಿ, ಪಿಸ್ಟನ್ ರಿಂಗಿನ ಸಂದಿನಿಂದ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಸೇರಿದ ಡೀಸೆಲ್ ಆ ಬಿಸಿಗೆ ಒಂದಷ್ಟು ಆವಿಯಾಗಿ ಹೋಗುತ್ತದೆ. ಇದು ಹೋಗುವುದಿಲ್ಲ, ಅಲ್ಲೇ ಬೆಂದು ಗಟ್ಟಿಯಾಗುತ್ತದೆ. ಹೆಡ್ ಇಳಿಸಿದಾಗ ನಾಜಲ್‌ಗಳ ತುದಿಯಲ್ಲಿ ಮಸಿ ಉಮ್ಮತ್ತಿ ಹೂವಿನಂತೆ ಅರಳಿತ್ತು. ಎರಡು ಪಿಸ್ಟನ್‌ಗಳ ರಿಂಗುಗಳು ತಮ್ಮ ತೋಡಿನಲ್ಲೇ ಕಚ್ಚಿ ಕೂತಿದ್ದವು. ಬಿಚ್ಚಿ ಕಟ್ಟಿಸಿದ ಖರ್ಚಿನಲ್ಲಿ ಎರಡು ವರ್ಷದ ಡೀಸೆಲ್ ಬರುತ್ತಿತ್ತು.

ಕಗ್ಗನಹಳ್ಳಿಯ ಜನರೇಟರಿಗೂ ನನ್ನ ಕಾರಿಗೂ ಇದ್ದ ವ್ಯತ್ಯಾಸ ಆಗ ಹೊಳೆಯಿತು. ಜನರೇಟರ್ ಒಂದೇ ವೇಗದಲ್ಲಿ, ಹೊರೆ ಹೊತ್ತು ಗಂಟೆಗಟ್ಟಲೆ ಓಡುತ್ತದೆ. ಒಳಗಿನ ಬಿಸಿ ಇಳಿಯುವುದಿಲ್ಲ. ನನ್ನ ಕಾರು ಸಂತೆಗೆ ಎಂಟು ಕಿಲೋಮೀಟರ್, ರೈಲ್ವೆ ಗೇಟಿನ ಮುಂದೆ ಕಾಲು ಗಂಟೆ ಸುಮ್ಮನೆ ಗುರುಗುಟ್ಟುವುದು. ಎಣ್ಣೆ ಅರೆಬೆಂದು ಉಳಿಯುವುದು ಇಂಥ ಓಟದಲ್ಲೇ. ಆದ್ದರಿಂದ ಯಾರಾದರೂ ಕೇಳಿದರೆ ಎಣ್ಣೆಯ ಬೆಲೆಗಿಂತ ಮೊದಲು ಅವರ ದಿನದ ಓಡಾಟ ಎಷ್ಟೆಂದು ಕೇಳುತ್ತೇನೆ. ಈಗಿನ ಕಾಮನ್ ರೇಲ್ (ಒಂದೇ ಕೊಳವೆಯಿಂದ ಎಲ್ಲ ನಾಜಲ್‌ಗೂ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ) ಗಾಡಿಯಾಗಿದ್ದರೆ ಅದನ್ನೂ ಕೇಳುವುದಿಲ್ಲ: ಬೇಡ ಎನ್ನುತ್ತೇನೆ. ಅದರ ನಾಜಲ್ ರಂಧ್ರಗಳು ತೀರಾ ಸಣ್ಣವು, ಒತ್ತಡ ಸಾವಿರ ಬಾರ್, ಅಂದರೆ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು, ದಾಟುತ್ತದೆ. ಗಾಡಿಯ ಇಂಧನ ಬದಲಿಸಿ ಮಾರ್ಪಡಿಸಲು ಸಾರಿಗೆ ಇಲಾಖೆಯ ಒಪ್ಪಿಗೆ ಬೇಕು. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೂ ಅದನ್ನೇ. ನಾನು ಇದನ್ನು ತಡವಾಗಿ ವಿಚಾರಿಸಿದೆ.

ಹೊಂಗೆಯನ್ನು ನಾನು ಬಿಟ್ಟಿಲ್ಲ. ಡಿಕ್ಕಿಯ ಟ್ಯಾಂಕ್ ಈಗ ತೋಟದ ಬಾವಿಯ ಬಳಿ, ನಿಧಾನ ಓಟದ ಹಳೆಯ ಪಂಪ್‌ಸೆಟ್ ಎಂಜಿನ್ನಿನ ಪಕ್ಕದಲ್ಲಿದೆ. ಡೀಸೆಲ್‌ನಲ್ಲಿ ಹೊರಟು, ಎಣ್ಣೆಯಲ್ಲಿ ಮೂರು ಗಂಟೆ ನೀರೆತ್ತಿ, ಡೀಸೆಲ್‌ನಲ್ಲೇ ನಿಲ್ಲುತ್ತದೆ. ನೂರು ಗಂಟೆಗೊಮ್ಮೆ ಆಯಿಲ್ ಬದಲಿಸುತ್ತೇನೆ, ವಾರಕ್ಕೊಮ್ಮೆ ಕಡ್ಡಿ ಎಳೆದು ಬೆರಳ ನಡುವೆ ಹಿಡಿದು ನೋಡುತ್ತೇನೆ. ಈವರೆಗೆ ಎಳೆ ಬಂದಿಲ್ಲ.