ಅಪ್ಪನ ಜನತಾ ವಾಚು ರಿಪೇರಿಗೆ ಕೊಡುವ ಮುನ್ನ

ಮಡಿಕೇರಿಯ ಮಳೆಗಾಲದಲ್ಲಿ ಹಳೇ ವಾಚಿನ ಗಾಜಿನೊಳಗೆ ಮಂಜು ಕಟ್ಟಿತೆಂದರೆ ಕೀ ಕೊಡಬೇಡಿ, ಒಲೆಯ ಹತ್ತಿರವೂ ಇಡಬೇಡಿ. ತುಕ್ಕು ಬೇಗ ಹಿಡಿಯುತ್ತದೆ, ಕೂಡಲೇ ಬಿಚ್ಚಿಸಿ. ಬ್ಯಾಟರಿ, ಬೆಲ್ಟ್ ಹಾಕುವ ಅಂಗಡಿ ಸಾಲದು. ಯಂತ್ರ ಪೂರ್ತಿ ಬಿಚ್ಚಿ ತೊಳೆದು ಹೊಸ ಎಣ್ಣೆ ಬಿಡುವವರೇ ಬೇಕು.

ನಮ್ಮಪ್ಪನದು ಎಚ್‌ಎಂಟಿ ಜನತಾ, 17 ಜ್ಯುವೆಲ್ (ಯಂತ್ರದ ಸವೆತ ತಡೆಯುವ ಪುಟ್ಟ ಹರಳು) ಇರುವ ಕೀ ವಾಚು. ಹಿಂದಿನ ಮುಚ್ಚಳ ಎದುರಿಗೇ ತೆಗೆಸಿ ಫೋಟೊ ಹೊಡೆದುಕೊಂಡೆ. "ಡಯಲ್‌ಗೆ ಬಣ್ಣ ಬೇಡಣ್ಣ, ಮುಳ್ಳು ಬದಲಿಸಬೇಡಿ, ತೆಗೆದ ಪಾರ್ಟು ವಾಪಸ್ ಕೊಡಿ" ಅಂತ ಹೇಳಿ ಚೀಟಿಯಲ್ಲೂ ಬರೆಸಿದೆ. ಹಳದಿಗಟ್ಟಿದ ಆ ಡಯಲನ್ನೇ ಅಪ್ಪ ದಿನವೂ ನೋಡುತ್ತಿದ್ದದ್ದು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾಗಿದ್ದು 2016ರಲ್ಲಿ. ಅಸಲಿ ಬಿಡಿಭಾಗ ಸುಲಭಕ್ಕೆ ಸಿಗುವುದಿಲ್ಲ.

ವಾಚು ಬಂದ ಮೇಲೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಟ್ಟು, ಮಲಗಿಸಿಯೂ ನಿಲ್ಲಿಸಿಯೂ ಒಂದು ವಾರ ಟೈಮ್ ನೋಡಿ. ನಿಮಿಷಗಟ್ಟಲೆ ಹಿಂದೆ ಬಿದ್ದರೆ ಮತ್ತೆ ಒಯ್ದು ಕೊಡಿ.