ನೆಲ ಒಡೆಸುವ ಮುಂಚೆ ಬರಿಗಾಲಲ್ಲಿ ಒಂದು ಸುತ್ತು ಹಾಕಿ

ಮನೆ ರಿಪೇರಿ ಅಂದಕೂಡಲೇ ಎಲ್ಲರೂ ಮೊದಲು ಓಡುವುದು ಟೈಲ್ಸ್ ಅಂಗಡಿಗೆ. ನಾನೂ ಓಡಿದೆ. ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೇ ಮನೆ. ಹಾಲ್‌ಗೆ ಮೊಸಾಯಿಕ್, ಎರಡು ರೂಮಿಗೆ ರೆಡ್ ಆಕ್ಸೈಡ್, ಅಡುಗೆಮನೆಗೆ ಕಡಪ ಕಲ್ಲು. "ಎಲ್ಲಾ ಕಿತ್ತು ಬಿಸಾಕೋಣ ಸಾರ್, ಹೊಸ ಟೈಲ್ಸ್ ಹಾಕಿದ್ರೆ ಮನೆ ಫಳಫಳ ಅನ್ನುತ್ತೆ" ಅಂದರು ಮೇಸ್ತ್ರಿ. ಒಂದು ರೂಮು ಒಡೆಸಿ, ಕನ್ನಡಿ ಥರ ಹೊಳೆಯುವ ಟೈಲ್ಸ್ ಹಾಕಿಸಿದೆ. ತಿಂಗಳೊಳಗೆ ಅಮ್ಮ ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದು ಜಾರಿದರು. ಪುಣ್ಯಕ್ಕೆ ಮಂಚದ ಕಾಲು ಕೈಗೆ ಸಿಕ್ಕಿತು.

ಆಮೇಲೆ ಉಳಿದ ಮನೆಗೆ ನಾನು ಮಾಡಿದ್ದೇ ಬೇರೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಚಪ್ಪಲಿ ಬಿಟ್ಟು ಇಡೀ ಮನೆ ಒಂದು ಸುತ್ತು ನಡೆಯಿರಿ. ನಾವು ಮನೆಯೊಳಗೆ ಬರಿಗಾಲಲ್ಲೇ ಓಡಾಡುವವರು ಅಲ್ವಾ, ಆದರೆ ಟೈಲ್ಸ್ ಆರಿಸುವಾಗ ಮಾತ್ರ ಶೋರೂಮಿನ ಲೈಟಿನ ಕೆಳಗೆ ಶೂ ಹಾಕಿಕೊಂಡು ನಿಂತು ಬರೀ ಕಣ್ಣಲ್ಲಿ ನೋಡುತ್ತೇವೆ. ಅರಮನೆಗೆ ಹೋದಾಗ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗುತ್ತೀರಲ್ಲ, ಮುಂದಿನ ಸಲ ಕಲ್ಯಾಣ ಮಂಟಪದಲ್ಲಿ ಮೇಲಿನ ಗಾಜಿನ ನವಿಲು ನೋಡಿದ ಮೇಲೆ ಕೆಳಗೂ ಸ್ವಲ್ಪ ನೋಡಿ. ಅರಮನೆ ಮುಗಿದಿದ್ದು 1912ರಲ್ಲಿ. ಆ ನೆಲದ ಟೈಲ್ಸ್ ಇಂಗ್ಲೆಂಡಿನಿಂದ ಬಂದದ್ದು, ಇವತ್ತಿಗೂ ಚೆನ್ನಾಗಿದೆ. ಹಳೇ ನೆಲ ಅಂದ ಮಾತ್ರಕ್ಕೆ ಕೆಟ್ಟ ನೆಲ ಅಲ್ಲ.

ನಡೆಯುವಾಗ ಕೈಯಲ್ಲಿ ಒಂದು ಕೋಲು ಇರಲಿ. ಅಡಿಗೊಂದು ಕಡೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ನೆಲ ಕೆಳಗಿನ ಗಾರೆಯನ್ನು ಇನ್ನೂ ಹಿಡಿದುಕೊಂಡಿದೆ. ಡೊಳ್ಳು ಥರ ಸದ್ದು ಬಂದರೆ ಒಳಗೆ ಟೊಳ್ಳಾಗಿದೆ. ಟೊಳ್ಳಿರುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ಅಲ್ಲೊಂದು ಇಲ್ಲೊಂದು ಇದ್ದರೆ ಒಡೆಯುವ ಅಗತ್ಯವೇ ಇಲ್ಲ, ಅಷ್ಟನ್ನು ಮಾತ್ರ ಕಿತ್ತು ಸರಿ ಮಾಡಿಸಬಹುದು. ಅರ್ಧ ರೂಮು ಟೊಳ್ಳಾಗಿದ್ದರೆ ಮಾತ್ರ ಒಡೆಸಿ. ಮಂಡ್ಯ ಕಡೆ ನಾಲೆ ಬಯಲಲ್ಲಿ, ಗದ್ದೆ ಪಕ್ಕ ಮನೆ ಇರುವವರು ಇನ್ನೊಂದು ನೋಡಬೇಕು. ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಕೆಳಗೆ ನೀರಿನ ಹನಿ ಕಂಡರೆ ತೇವ ನೆಲದಿಂದಲೇ ಮೇಲೆ ಬರುತ್ತಿದೆ. ಅದಕ್ಕೆ ದಾರಿ ನೋಡದೆ ಮೇಲೆ ಏನೇ ಹಾಕಿದರೂ ದುಡ್ಡು ದಂಡ.

ಮೊಸಾಯಿಕ್ ಇದ್ದವರು ಪುಣ್ಯವಂತರು. ಅದು ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕೂರಿಸಿದ ನೆಲ, ಮೇಲಿನ ಪದರ ಉಜ್ಜಿ ತೆಗೆದರೆ ಕೆಳಗೆ ಹೊಸದೇ ಸಿಗುತ್ತದೆ. ಪಾಲಿಶ್ ಮಷಿನ್ ತಂದು ಮೊದಲು ಒರಟು ಕಲ್ಲು, ಆಮೇಲೆ ನುಣುಪು ಕಲ್ಲು ಹಾಕಿ ನೀರು ಬಿಟ್ಟುಕೊಂಡು ಉಜ್ಜುತ್ತಾರೆ, ಕೊನೆಗೆ ಆಕ್ಸಾಲಿಕ್ ಪುಡಿ ಹಾಕಿ ಹೊಳಪು ತರುತ್ತಾರೆ. ನಮ್ಮ ಹಾಲ್ ಮೂರು ದಿನಕ್ಕೆ ಮುಗಿಯಿತು. ಗಲೀಜು ಮಾತ್ರ ವಿಪರೀತ. ಬೂದು ಬಣ್ಣದ ರಾಡಿ ಗೋಡೆಗೆಲ್ಲ ಎರಚುತ್ತದೆ, ಆದ್ದರಿಂದ ಗೋಡೆಗೆ ಬಣ್ಣ ಹೊಡೆಸುವುದು ಇದಾದ ಮೇಲೆ. ಆ ರಾಡಿಯನ್ನು ಯಾವ ಕಾರಣಕ್ಕೂ ಬಚ್ಚಲು ಮೋರಿಗೆ ಬಿಡಬೇಡಿ, ಪೈಪಿನೊಳಗೆ ಕಲ್ಲಾಗಿ ಕೂರುತ್ತದೆ. ಬಕೆಟ್ಟಿಗೆ ಬಳಿದು ಹೊರಗೆ ಹಾಕಿಸಿ. ಕೆಲಸದವರು "ಏನೂ ಆಗಲ್ಲ ಬಿಡಿ ಸಾರ್" ಅಂತಾರೆ. ಆಗುತ್ತೆ.

ರೆಡ್ ಆಕ್ಸೈಡ್ ಬೇರೆ ಥರ. ಅದರ ಬಣ್ಣ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ, ಮಷಿನ್ ಹಾಕಿ ಉಜ್ಜಿದರೆ ಬಣ್ಣವೇ ಹೋಗಿಬಿಡುತ್ತದೆ. ಬಿರುಕಿಗೆ ತೇಪೆ ಹಾಕಿಸಿದರೂ ಬಣ್ಣ ಕೂಡುವುದಿಲ್ಲ, ತೇಪೆ ತೇಪೆಯಾಗಿಯೇ ಕಾಣುತ್ತದೆ. ನನಗೆ ಅದು ಪರವಾಗಿಲ್ಲ, ನಿಮಗೆ ಕಣ್ಣಿಗೆ ಚುಚ್ಚಬಹುದು. ಹೊಸದಾಗಿ ಹಾಕಿಸುವ ಆಸೆ ಇದ್ದರೆ, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ತರುವ ಕೈ ಸಿಗಬೇಕು. ಅವರು ಮುಂಚೆ ಮಾಡಿದ ನೆಲವನ್ನು ಹೋಗಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಸಾಮಾನ್ಯವಾಗಿ 10 ಕೆಜಿ ಸಿಮೆಂಟಿಗೆ 1 ಕೆಜಿ ಆಕ್ಸೈಡ್ ಪುಡಿ. ಕೆಂಪು ಚೆನ್ನಾಗಿ ಬರಲಿ ಅಂತ ಅದಕ್ಕಿಂತ ಜಾಸ್ತಿ ಸುರಿದರೆ ಮೇಲ್ಪದರ ಮೆತ್ತಗಾಗುತ್ತದೆ. ಹಾಕಿದ ಮೇಲೆ ಕನಿಷ್ಠ ಒಂದು ವಾರ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಬೇಕು.

ಈಗ ಟೈಲ್ಸ್. ಹೊಸದೇ ಬೇಕು ಅನ್ನುವವರು ಮಟ್ಟದ ಲೆಕ್ಕ ಮೊದಲು ಹಾಕಿ, ಡಿಸೈನ್ ಆಮೇಲೆ. ಹಳೇ ನೆಲದ ಮೇಲೆಯೇ ಅಂಟಿಸಿದರೂ ಟೈಲ್ಸ್ ಮತ್ತು ಅಂಟು ಸೇರಿ ಸುಮಾರು 15 ಮಿಲಿಮೀಟರ್ ಏರುತ್ತದೆ. ಗಾರೆ ಹಾಕಿ ಕೂರಿಸಿದರೆ 2 ಇಂಚು. ಬಾಗಿಲು ಕೆಳಗೆ ಕೊಯ್ಯಿಸಬೇಕು. ಬಚ್ಚಲಿನ ನೆಲ ರೂಮಿಗಿಂತ ತಗ್ಗಿನಲ್ಲೇ ಉಳಿಯಬೇಕು, ಇಲ್ಲದಿದ್ದರೆ ನೀರು ಮಂಚದ ಕೆಳಗೆ ಬರುತ್ತದೆ. ಮತ್ತೆ ಹೊಸ್ತಿಲು. ನಮ್ಮ ಮೇಸ್ತ್ರಿ ಮುಂಬಾಗಿಲ ಹತ್ತಿರ ದಾರ ಕಟ್ಟಿ ತೋರಿಸಿದಾಗ ಹೊಸ್ತಿಲು ನೆಲದ ಸಮಕ್ಕೆ ಮುಳುಗಿಹೋಗುವ ಹಾಗಿತ್ತು, ಅಮ್ಮ ಅಲ್ಲೇ ಕೆಲಸ ನಿಲ್ಲಿಸಿದರು. "ಶುಕ್ರವಾರ ಅರಿಶಿನ ಕುಂಕುಮ ಎಲ್ಲಿಗೆ ಇಡಲೋ, ನಿನ್ನ ಟೈಲ್ಸಿಗಾ?" ಸರಿಯಾದ ಪ್ರಶ್ನೆಯೇ. ಮಹಡಿ ಮೇಲೆ ಹಾಕಿಸುವವರು ಭಾರವನ್ನೂ ಯೋಚಿಸಿ. 2 ಇಂಚು ಗಾರೆ ಅಂದರೆ ಒಂದು ಚದರ ಮೀಟರಿಗೆ 100 ಕೆಜಿ, ಹಳೇ ತಾರಸಿ ಮೇಲೆ ಸುಮ್ನೆ ಹೇರುವ ಭಾರ ಅಲ್ಲ ಅದು. ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಅಂಗಡಿಯಲ್ಲಿ ಜಿವಿಟಿ, ಡಬಲ್ ಚಾರ್ಜ್, ಫುಲ್ ಬಾಡಿ ಅಂತ ಮಂತ್ರ ಹೇಳಿದ ಹಾಗೆ ಹೇಳುತ್ತಾರೆ. ಎಲ್ಲವೂ ವಿಟ್ರಿಫೈಡ್ ಜಾತಿಯೇ, ಅಂದರೆ ಗಾಜಿನ ಹಾಗೆ ಬಿಗಿಯಾಗುವಂತೆ ಸುಟ್ಟದ್ದು, ನೀರು ಹೀರುವುದು ನೂರಕ್ಕೆ 0.5ಕ್ಕಿಂತ ಕಡಿಮೆ. ಜಿವಿಟಿಯಲ್ಲಿ (ಗ್ಲೇಜ್ಡ್ ವಿಟ್ರಿಫೈಡ್) ಚಿತ್ತಾರ ಮೇಲೆ ಪ್ರಿಂಟ್ ಮಾಡಿ ಗಾಜಿನಂಥ ತೆಳು ಪದರ, ಅಂದರೆ ಗ್ಲೇಜ್, ಹಾಕಿರುತ್ತಾರೆ, ನೋಡಲು ಚೆಂದ, ಆದರೆ ಗೀರು ಬಿದ್ದರೆ ಕೆಳಗಿನ ಬಣ್ಣ ಕಾಣುತ್ತದೆ. ಫುಲ್ ಬಾಡಿ ಅಂದರೆ ಪೂರ್ತಿ ದಪ್ಪಕ್ಕೂ ಒಂದೇ ಬಣ್ಣ. ಡಬಲ್ ಚಾರ್ಜ್‌ನಲ್ಲಿ ಬಣ್ಣದ ಪದರವೇ 3-4 ಮಿಲಿಮೀಟರ್ ದಪ್ಪ. ಡಿಸೈನ್ ಕಡಿಮೆ, ಬಾಳಿಕೆ ಜಾಸ್ತಿ. ಜನ ಓಡಾಡುವ ಹಾಲ್‌ಗೆ ನನ್ನ ವೋಟು ಇದಕ್ಕೇ. ಅನುಮಾನ ಬಂದರೆ ಟೈಲ್ಸ್ ಮಗುಚಿ ಹಿಂಬದಿಗೆ ಒಂದು ಹನಿ ನೀರು ಹಾಕಿ. ನೀರು ಹಾಗೇ ನಿಂತರೆ ಸರಿ, ಸರ್ರನೆ ಇಂಗಿದರೆ ಅದು ಗೋಡೆಗೆ ಹಾಕುವ ಮಾಲು. ಆಮೇಲೆ ಅದೇ ಟೈಲ್ಸ್ ಮುಂಭಾಗಕ್ಕೆ ನೀರು ಚಿಮುಕಿಸಿ, ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ, ಬರಿಗಾಲಿಟ್ಟು ತಿಕ್ಕಿ ನೋಡಿ. ಬಚ್ಚಲು, ಹಿತ್ತಲು, ಬಟ್ಟೆ ಒಗೆಯುವ ಜಾಗಕ್ಕೆ ಮ್ಯಾಟ್ ಫಿನಿಶ್ ಆಂಟಿ ಸ್ಕಿಡ್ ಬಿಟ್ಟು ಬೇರೆ ಯೋಚನೆಯೇ ಬೇಡ. ವಯಸ್ಸಾದವರು ಇರುವ ಮನೆಯಲ್ಲಿ ರೂಮುಗಳಿಗೂ ಮ್ಯಾಟೇ ಇರಲಿ.

ಎಷ್ಟು ಬಾಕ್ಸ್ ಬೇಕು? 10ಕ್ಕೆ 12 ಅಡಿ ರೂಮು ಅಂದರೆ 120 ಚದರಡಿ. 2 ಅಡಿ ಟೈಲ್ಸ್ ಅಂತ ಹೇಳಿದರೂ ಅದು 600 ಮಿಲಿಮೀಟರ್, ನಾಲ್ಕರ ಬಾಕ್ಸಿಗೆ ಸಿಗುವುದು 15.5 ಚದರಡಿ, 16 ಅಲ್ಲ. ನೆಲಕ್ಕೆ 8 ಬಾಕ್ಸ್. 4 ಇಂಚಿನ ಸ್ಕರ್ಟಿಂಗ್‌ಗೆ, ಅಂದರೆ ಗೋಡೆ ಬುಡದ ಪಟ್ಟಿಗೆ, ಇನ್ನು 4 ಟೈಲ್ಸ್, ಕೊಯ್ಯುವಾಗ ಒಡೆಯುವುದಕ್ಕೆ ಮೂರೋ ನಾಲ್ಕೋ. ಒಟ್ಟು 10 ಬಾಕ್ಸ್ ತನ್ನಿ. ಎಲ್ಲಾ ಬಾಕ್ಸಿನ ಮೇಲೂ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯಾ ಅಂತ ಗಾಡಿಯಿಂದ ಇಳಿಸುವಾಗಲೇ ನೋಡಿ. ಹಾಕಿದ ಮೇಲೆ ಬಣ್ಣ ಬೇರೆ ಕಂಡರೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಹಾಕಿಸುವಾಗ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರದ ಕಾರಣ ಬರೀ ಸಿಮೆಂಟ್ ಹಾಲು ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಟೈಲ್ಸ್ ಅಂಟಿಸುವ ಪುಡಿಯೇ ಬೇಕು. ಹಳೇ ಮೊಸಾಯಿಕ್ ಮೇಲೆ ಅಂಟಿಸುವುದಾದರೆ ಮೊದಲು ಮೇಲ್ಮೈಗೆ ಕಚ್ಚು ಹೊಡೆದು ಒರಟು ಮಾಡಿಸಿ. ಅಂಟನ್ನು ಹಲ್ಲಿರುವ ಕರಣೆಯಲ್ಲಿ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ಒಂದೊಂದು ಉಂಡೆ ಇಟ್ಟು ಒತ್ತುವ ಕೆಲಸ ಬೇಡ, ಆ ಟೊಳ್ಳಿನ ಮೇಲೆ ಒಂದು ದಿನ ಒರಳೋ ಸಿಲಿಂಡರೋ ಕುಕ್ಕಿದಾಗ ಟೈಲ್ಸ್ ಬಿರುಕು ಬಿಡುತ್ತದೆ. ಮಧ್ಯೆ 2 ಮಿಲಿಮೀಟರ್ ಸ್ಪೇಸರ್ ಇಡಿಸಿ. ಸಂದು ಬಿಡದೆ ಜೋಡಿಸಿದರೆ ನೆಲ ಒಂದೇ ಕಲ್ಲಿನ ಥರ ಕಾಣುತ್ತೆ ನಿಜ, ಬೇಸಿಗೆಯಲ್ಲಿ ಹಿಗ್ಗಲು ಜಾಗ ಇಲ್ಲದೆ ಎದ್ದು ಕೂರುತ್ತದೆ. ಬಚ್ಚಲಿನಲ್ಲಿ ಟೈಲ್ಸ್‌ಗೆ ಮುಂಚೆ ವಾಟರ್‌ಪ್ರೂಫಿಂಗ್ ಮಾಡಿಸಿ, ನೀರು ಕಟ್ಟಿ ಒಂದು ದಿನ ಪೂರ್ತಿ ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಿ ಬನ್ನಿ.

ಗ್ರಾನೈಟ್ ಗಟ್ಟಿ ಕಲ್ಲು, ನಿಂಬೆ ಹುಣಸೆಗೆ ಜಗ್ಗುವುದಿಲ್ಲ. ತಿಳಿ ಬಣ್ಣದ್ದು ಮಾತ್ರ ಎಣ್ಣೆ ಕುಡಿಯುತ್ತದೆ, ದೇವರ ಮನೆಗೆ ಗಾಢ ಬಣ್ಣವೇ ಇರಲಿ. ಮಾರ್ಬಲ್, ಕಡಪ, ಶಹಾಬಾದ್ ಮೂರೂ ಸುಣ್ಣದ ಅಂಶದ ಕಲ್ಲು. ಸಾರು ಚೆಲ್ಲಿದರೆ ತಕ್ಷಣ ಒರೆಸಬೇಕು, ಇಲ್ಲದಿದ್ದರೆ ಅಷ್ಟು ಜಾಗದ ಹೊಳಪು ಹೋಯಿತು ಅಂತಲೇ ಲೆಕ್ಕ. ಮರದ ಥರದ ಲ್ಯಾಮಿನೇಟ್ ದಿನಾ ನೀರು ಹಾಕಿ ಒರೆಸುವ ನಮ್ಮಂಥ ಮನೆಗೆ ಅಲ್ಲ, ಉಬ್ಬುತ್ತದೆ.

ಇನ್ನು ದಿನದಿನದ ಆರೈಕೆ. ನೆಲದ ದೊಡ್ಡ ಶತ್ರು ಬಾತ್‌ರೂಮ್ ಆಸಿಡ್. ಮೊಸಾಯಿಕ್, ಮಾರ್ಬಲ್, ಕಡಪದ ಮೇಲೆ ಬಿದ್ದರೆ ನೊರೆ ಬರುತ್ತಲ್ಲ, ಅದು ಕೊಳೆ ಹೋಗುತ್ತಿರುವುದಲ್ಲ, ಕಲ್ಲೇ ಕರಗುತ್ತಿರುವುದು. ಟೈಲ್ಸ್ ಸಂದಿನ ಸಿಮೆಂಟನ್ನೂ ಅದು ತಿನ್ನುತ್ತದೆ. ಬ್ಲೀಚಿಂಗ್ ಪುಡಿ ಜೊತೆಗಂತೂ ಯಾವತ್ತೂ ಸೇರಿಸಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ. ಬೋರ್‌ವೆಲ್ ನೀರಿನ ಬಿಳಿ ಕಲೆ ಟೈಲ್ಸ್ ಮೇಲಿದ್ದರೆ ನೀರು ಬೆರೆಸಿದ ವಿನೆಗರ್ ಸಾಕು, ಕಲ್ಲಿಗೆ ಮಾತ್ರ ಅದೂ ಬೇಡ. ಒರೆಸಿದ ಮೇಲೆ ಒಣ ಬಟ್ಟೆ ಹಾಕಿದರೆ ಕಲೆ ಕೂರುವುದೇ ಇಲ್ಲ. ನೆಲ ಅಂಟಂಟು ಅನ್ನಿಸಿದರೆ ಸೋಪು ಜಾಸ್ತಿಯಾಗಿದೆ ಅಂತ, ನಾಲ್ಕು ದಿನ ಬರೀ ನೀರಲ್ಲಿ ಒರೆಸಿ ನೋಡಿ.

ರೆಡ್ ಆಕ್ಸೈಡ್‌ಗೆ ಆಗಾಗ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಿ. ಎಣ್ಣೆ ಉಳಿದರೆ ಜಾರುತ್ತದೆ. ಅರಿಶಿನದ ಕಲೆಗೆ ತಲೆ ಕೆಡಿಸಿಕೊಳ್ಳಬೇಡಿ, ಬಿಸಿಲು ಬೀಳುವ ಜಾಗವಾದರೆ ತಾನೇ ತಿಳಿಯಾಗುತ್ತದೆ. ಕುಂಕುಮ ಹಾಗಲ್ಲ, ಒದ್ದೆಯಾಗುವ ಮುಂಚೆ ಒಣ ಬ್ರಷ್‌ನಲ್ಲಿ ಗುಡಿಸಿ. ದೀಪದ ಎಣ್ಣೆ ಕಲ್ಲಿಗೆ ಇಳಿದಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ದಪ್ಪಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ರಾತ್ರಿಯೆಲ್ಲ ಬಿಡಿ, ಬೆಳಿಗ್ಗೆ ಕೆರೆದು ತೆಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ.

ಉಳಿದ ಟೈಲ್ಸನ್ನು ಕೆಲಸದವರಿಗೆ ಕೊಟ್ಟು ಕಳಿಸಬೇಡಿ. ಅದೇ ಡಿಸೈನ್ ಎರಡು ವರ್ಷ ಬಿಟ್ಟು ಕೇಳಿದರೆ "ಅದು ಬರ್ತಿಲ್ಲ ಸಾರ್" ಅಂತಾರೆ. ನಮ್ಮ ಮನೆಯಲ್ಲಿ ಉಳಿದ ಆರು ಟೈಲ್ಸ್ ಅಟ್ಟದ ಮೇಲೆ, ದಸರಾ ಬೊಂಬೆ ಪೆಟ್ಟಿಗೆಯ ಹಿಂದೆ, ನಿಲ್ಲಿಸಿ ಇಟ್ಟಿದೆ. ಶೇಡ್ ನಂಬರ್ ಇರುವ ಬಾಕ್ಸಿನ ಚೂರನ್ನೂ ಹರಿದು ಅದರ ಜೊತೆಗೇ ಕಟ್ಟಿಟ್ಟಿದ್ದೇನೆ.